ನಮ್ಮನೆ ಆಟದಲ್ಲಿ ಹಾಗಿಲ್ಲ

ಯುದ್ಧಕ್ಕೆ ಹೊರಟವರು ಊಟದ ಡಬ್ಬಿ ಮರೆತಾರು, ಅಳತೆಪಟ್ಟಿ ಮರೆಯುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಆಸುಪಾಸಿನಲ್ಲಿ ಶನಿವಾರ ಬೆಳಗ್ಗೆ ಯಾವುದಾದರೂ ಸಮುದಾಯ ಭವನದ ಮುಂದೆ ಪೆಟ್ಟಿಗೆ ಹಿಡಿದ ಗಂಡಸರ ಸಾಲು ಕಂಡರೆ ಮದುವೆ ದಿಬ್ಬಣವೆಂದು ಒಳಗೆ ನುಗ್ಗಬೇಡಿ. ಆ ಪೆಟ್ಟಿಗೆಗಳಲ್ಲಿ ಸ್ಪಂಜಿನ ಹಾಸಿಗೆಯ ಮೇಲೆ ಹೆಬ್ಬೆರಳುದ್ದದ ಯೋಧರು ಮಲಗಿರುತ್ತಾರೆ. ಆಟದ ಹೆಸರು ವಾರ್‌ಹ್ಯಾಮರ್ 40,000. ಗೇಮ್ಸ್ ವರ್ಕ್‌ಶಾಪ್ ಇದನ್ನು ಹೊರತಂದದ್ದು 1987ರಲ್ಲಿ. ನನ್ನ ಮಗನಿಗೆ ಇದರ ಹುಚ್ಚು ಹತ್ತಿದ ಮೇಲೆ ಸಾರಥ್ಯ ನನ್ನ ಪಾಲಿಗೆ ಬಂತು. ಮೂಲೆಯಲ್ಲಿ ಪೇಪರು ಓದುತ್ತ ಕೂತವನನ್ನು ಸಂಘಟಕರು ಬಹಳ ಕಾಲ ಹಾಗೇ ಬಿಡಲಿಲ್ಲ. "ನಿಮಗೆ ಆಟ ಬರುವುದಿಲ್ಲವಲ್ಲ, ಅಂದರೆ ನೀವು ನಿಷ್ಪಕ್ಷಪಾತಿ" ಎಂದು ಕೊರಳಿಗೆ ಬಿಲ್ಲೆ ಹಾಕಿ ಸಹಾಯಕ ಅಂಪೈರ್ ಮಾಡಿಬಿಟ್ಟರು. ನಮ್ಮೂರ ಕಡೆ ಎಷ್ಟೋ ಸಮಿತಿಗಳಿಗೆ ಅಧ್ಯಕ್ಷರು ಸಿಗುವುದೂ ಹೀಗೇ.

ಇಲ್ಲಿ ಪ್ರತಿ ತುಕಡಿಗೂ ಪಾಯಿಂಟಿನಲ್ಲಿ ಒಂದು ಬೆಲೆ. ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರದು 2,000 ಪಾಯಿಂಟಿನ ಸೈನ್ಯ. ಎರಡೂ ಕಡೆ ಲೆಕ್ಕ ಸಮ, ಹಾಗಾಗಿ ಯುದ್ಧವೂ ಸಮ ಎಂದು ನಂಬುವವರು ಪುಣ್ಯವಂತರು. ಬೆಲೆಪಟ್ಟಿಯಲ್ಲಿ ಎಲ್ಲೋ ಒಂದು ತುಕಡಿಗೆ ಬೆಲೆ ಕಡಿಮೆ ಬಿದ್ದಿರುತ್ತದೆ, ಅದನ್ನು ಪತ್ತೆ ಮಾಡಲೆಂದೇ ರಾತ್ರಿ ನಿದ್ದೆಗೆಡುವ ಒಬ್ಬ ಬುದ್ಧಿವಂತನೂ ಇರುತ್ತಾನೆ. ಮೇಜಿನ ತುಂಬ ಅವನು ಅದನ್ನೇ ಸುರಿಯುತ್ತಾನೆ. ಎದುರಿಗೆ ಕೂತವರು, ಚಳಿಗಾಲವಿಡೀ ಕೂದಲೆಳೆಯಂಥ ಕುಂಚ ಹಿಡಿದು, ಒಬ್ಬೊಬ್ಬ ಸಿಪಾಯಿಯ ಹುಬ್ಬು ತಿದ್ದಿದ ಸಂಭಾವಿತರು. ಟೀ ಆರುವುದರೊಳಗೆ ಆ ಹುಬ್ಬೂ ಇಲ್ಲ, ಸಿಪಾಯಿಯೂ ಇಲ್ಲ.

ಆಗ ಸಂಘಟಕರು ನಿಯಮ ಬರೆಯುತ್ತಾರೆ. ಒಂದು ಕಾಲಕ್ಕೆ ಸೈನ್ಯದ ಸೌಮ್ಯತೆಗೆ, ಆಟಗಾರನ ಸೌಜನ್ಯಕ್ಕೆ ಎಲ್ಲಕ್ಕೂ ಅಂಕವಿತ್ತು. ಸೌಜನ್ಯದ ಅಂಕ ಕೊಡುವವನು ಎದುರಾಳಿಯೇ ಆದ್ದರಿಂದ, ಗೆದ್ದವನಷ್ಟು ಒರಟ ಲೋಕದಲ್ಲೇ ಇಲ್ಲವೆಂದು ಸೋತವನ ಚೀಟಿ ಸಾರುತ್ತಿತ್ತು. 2018ರಲ್ಲಿ ಕಂಪನಿಯೇ ಸ್ಪರ್ಧೆಗಳಿಗೆ ಒಂದು ಸಲಹೆ ಕೊಟ್ಟಿತು: 2,000 ಪಾಯಿಂಟಿನ ಸೈನ್ಯದಲ್ಲಿ, ಸಾಮಾನ್ಯ ಪದಾತಿಗಳಂಥ ಕೆಲವನ್ನು ಬಿಟ್ಟರೆ, ಒಂದೇ ಬಗೆಯ ತುಕಡಿ ಮೂರಕ್ಕಿಂತ ಹೆಚ್ಚು ಬೇಡ. ನ್ಯಾಯವಾದ ಮಾತು. ಆದರೆ ಅದರ ಬಿಸಿ ಮೊದಲು ತಟ್ಟಿದ್ದು ಯಾರಿಗೆ?

ನಮ್ಮಲ್ಲಿಗೆ ಬರುತ್ತಿದ್ದ ನಿವೃತ್ತ ಬಸ್ ಚಾಲಕರೊಬ್ಬರ ಬಳಿ ಒಂದೇ ಥರದ ನಾಲ್ಕು ಫಿರಂಗಿಗಳಿದ್ದವು. ಡಿಪೋದಲ್ಲಿ ಜೊತೆಗಿದ್ದ ನಾಲ್ವರು ಗೆಳೆಯರ ಹೆಸರನ್ನು ಅವುಗಳ ಮೇಲೆ ಬರೆದಿದ್ದರು. ಆ ಫಿರಂಗಿಗಳಿಂದ ಅವರು ಯಾರನ್ನಾದರೂ ಸೋಲಿಸಿದ್ದನ್ನು ನಾನು ಕಂಡಿಲ್ಲ. ಮುಖ್ಯ ಅಂಪೈರ್ ಬಂದು, "ಕ್ಷಮಿಸಿ, ಮೂರೇ" ಎಂದ. ಮುದುಕರು ಬಹಳ ಹೊತ್ತು ಯೋಚಿಸಿ ಒಂದನ್ನು ಮೇಜಿನಂಚಿನಲ್ಲಿ ಪ್ರೇಕ್ಷಕನಂತೆ ನಿಲ್ಲಿಸಿದರು. ಯಾಕೆ ಅದೇ ಎಂದು ಕೇಳಿದೆ. "ಇವನು ಯಾವಾಗಲೂ ರಜೆ ಕೇಳುತ್ತಿದ್ದ" ಎಂದರು. ಇತ್ತ ನಿಯಮಕ್ಕೆ ಕಾರಣನಾದ ಬುದ್ಧಿವಂತ ಮುಂದಿನ ಸ್ಪರ್ಧೆಗೆ ಬೇರೆ ಅಗ್ಗದ ತುಕಡಿ ಹುಡುಕಿಕೊಂಡು ನಗುತ್ತ ಬಂದಿದ್ದ.

ನಿಯಮ ಎಷ್ಟು ಬಿಗಿಯಿರಬೇಕು ಎಂಬ ಜಗಳ ಹೊಸದೇನಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಅಚ್ಚು ಹಾಕಿಸಿದ ಯುದ್ಧದಾಟದಲ್ಲಿ ನಕ್ಷೆ, ದಾಳ, ಕೋಷ್ಟಕ ಎಲ್ಲ ಇದ್ದವು. ಒಂದು ಗುಂಡು ಹಾರಿಸಿದರೆ ಅಂಪೈರ್ ಲೆಕ್ಕ ಹಾಕುತ್ತ ಕೂರಬೇಕು. ಬೇಸತ್ತವರ ಪರವಾಗಿ 1876ರಲ್ಲಿ ವೆರ್ದಿ ದ್ಯು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ, ಅನುಭವಸ್ಥ ಅಂಪೈರ್ ಹೇಳಿದ್ದೇ ಸರಿ, ಕೋಷ್ಟಕ ಕಟ್ಟಿಡಿ ಎಂದ. ಲೇಖಕ ಎಚ್.ಜಿ. ವೆಲ್ಸ್ ಇಬ್ಬರ ಗೊಡವೆಗೂ ಹೋಗಲಿಲ್ಲ. 1913ರ 'ಲಿಟಲ್ ವಾರ್ಸ್' ಪುಸ್ತಕದ ಆಟದಲ್ಲಿ ಸ್ಪ್ರಿಂಗಿನ ಫಿರಂಗಿಯಿಂದ ಆಟಿಕೆ ಸಿಪಾಯಿಗಳಿಗೆ ನಿಜವಾಗಿಯೇ ಹೊಡೆಯಬೇಕು. ಬಿದ್ದವನು ಸತ್ತ, ನಿಂತವನು ಬದುಕಿದ. ನಡೆಗೆ ಮಾತ್ರ ಗಡಿಯಾರ ಹಿಡಿದು ಸಮಯ ಕಟ್ಟಿದ್ದ. ಜಾಣ.

ನನ್ನ ಅಜ್ಜಿ ವೆರ್ದಿಯ ಪಂಗಡದವಳು. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುವುದು ಅವಳ ಚೌಕಾಬಾರದ ಶಾಸನ. ಪಕ್ಕದ ಮನೆಯವರು "ನಮ್ಮನೆ ಆಟದಲ್ಲಿ ಹಾಗಿಲ್ಲ ಅಜ್ಜಿ" ಎಂದು ಮುಖ ಸಣ್ಣ ಮಾಡಿದರೆ, "ಆಯ್ತು ಕಣೇ, ಇವತ್ತು ನಿಮ್ಮನೆ ಆಟವೇ ಆಗಲಿ" ಎಂದು ಕವಡೆ ಕುಲುಕುತ್ತಿದ್ದಳು. ನಾಲ್ಕು ಜನ ಕೂರುವ ಚಾಪೆಯ ಮೇಲೆ ಇದು ಸರಿ. ನೂರು ಜನರ ಸಭಾಂಗಣದಲ್ಲಿ ಮೂರನೇ ಮೇಜಿಗೊಂದು ಮಾತು, ನಲವತ್ತನೇ ಮೇಜಿಗೊಂದು ಮಾತು ಹೇಳಿದರೆ ದಾಳಗಳು ನನ್ನ ತಲೆಯ ಕಡೆ ಹಾರುತ್ತವೆ.

ಆದ್ದರಿಂದ ಕೆಲವು ಕಡೆ ಕಟ್ಟುನಿಟ್ಟು ಬೇಕೇ ಬೇಕು. ಓರೆ ನಿಂತ ದಾಳವನ್ನು ಮತ್ತೆ ಎಸೆಯಬೇಕು, ಅದು ಆರೇ ತೋರಿಸುತ್ತಿದ್ದರೂ. ಇಂಚು ಅಂದರೆ ಇಂಚು. ಚೆಸ್ ಗಡಿಯಾರ ತಂದಿಟ್ಟಾಗ, ಸ್ನೇಹದ ಆಟಕ್ಕೆ ಇದೇನು ಕಚೇರಿ ಎಂದು ಗೊಣಗಿದವರಿದ್ದರು. ನಾನು ಕಂಡಂತೆ ಹೆಚ್ಚು ಗೊಣಗಿದವರು, ಮೊದಲ ಎರಡು ಸುತ್ತಿನಲ್ಲಿ ಮುನ್ನಡೆ ಪಡೆದು ಆಮೇಲೆ ಗಲ್ಲಕ್ಕೆ ಕೈಯಿಟ್ಟು ಧ್ಯಾನಕ್ಕೆ ಕೂರುವವರ ಪೈಕಿ. ಗಡಿಯಾರ ಯಾರ ಕಲ್ಪನೆಗೂ ಕತ್ತರಿ ಹಾಕುವುದಿಲ್ಲ, ಎದುರಿನವರ ಪಾಲಿನ ಹೊತ್ತನ್ನು ಕದಿಯಲು ಬಿಡುವುದಿಲ್ಲ, ಅಷ್ಟೆ. ಸೈನ್ಯದ ಪಟ್ಟಿಗೆ ಕತ್ತರಿ ಹಾಕುವುದು ಬೇರೆ ವಿಷಯ, ಆ ಕೆಲಸಕ್ಕೆ ಜೋಡಿ ಹಾಕುವ ಪದ್ಧತಿಯೇ ಸಾಕು. ಗೆದ್ದವರಿಗೆ ಗೆದ್ದವರನ್ನೇ ಜೋಡಿಸುವ ಸ್ವಿಸ್ ಪದ್ಧತಿ ಚೆಸ್ಸಿನಿಂದ ಬಂದದ್ದು, 1895ರಷ್ಟು ಹಳೆಯದು. ಒಂದೆರಡು ಸುತ್ತು ಕಳೆಯಲಿ, ಬುದ್ಧಿವಂತರು ಬುದ್ಧಿವಂತರ ಮೇಲೆ ಬೀಳುತ್ತಾರೆ, ಬಸ್ ಚಾಲಕರಿಗೆ ಅವರಷ್ಟೇ ಚೆನ್ನಾಗಿ ಸೋಲಬಲ್ಲ ಜೊತೆಗಾರ ಸಿಗುತ್ತಾನೆ. ಮೊದಲ ಸುತ್ತಿನ ಪೆಟ್ಟನ್ನು ತಪ್ಪಿಸಲು ಇಡೀ ಸಭಾಂಗಣದ ಪೆಟ್ಟಿಗೆ ತಪಾಸಣೆ ಮಾಡಬೇಕೇ?

ಮಗ ವಿಶ್ವವಿದ್ಯಾಲಯ ಸೇರಿದ. ಸೈನ್ಯ ಬೀರುವಿನ ಮೇಲಿದೆ. "ಅಪ್ಪಾ, ಇನ್ನೂ ಅಲ್ಲಿಗೆ ಹೋಗ್ತೀರಾ?" ಎಂದು ಫೋನಿನಲ್ಲಿ ನಗುತ್ತಾನೆ. ಹೋಗುತ್ತೇನೆ. ಅಲ್ಲಿ ಬಿಲ್ಲೆ ಹಾಕಿಕೊಂಡವನ ಮಾತು ನಡೆಯುತ್ತದೆ, ಮನೆಯಲ್ಲಿ ಯಾರು ಕೇಳುತ್ತಾರೆ?

ಆ ಬಿಲ್ಲೆಯ ಬಲದಿಂದಲೇ ಸಂಘಟಕರಲ್ಲಿ ಒಂದು ಅರಿಕೆ. ಗಡಿಯಾರ ಬಿಗಿಯಾಗಿರಲಿ, ಅಳತೆಪಟ್ಟಿ ಜಗ್ಗದಿರಲಿ. ಹಟದ ಸ್ಪರ್ಧೆಯೋ ಗೆಳೆತನದ ಆಟವೋ ಎಂದು ಕರಪತ್ರದಲ್ಲೇ ಮೊದಲು ಹೇಳಿಬಿಡಿ, ಎರಡನೆಯದಾದರೆ ಬಹುಮಾನ ಇಡಲೇಬೇಡಿ, ಬುದ್ಧಿವಂತರು ತಾವಾಗಿಯೇ ಬರುವುದಿಲ್ಲ. ಅಲ್ಲಿ ದಯವಿಟ್ಟು ಆ ನಾಲ್ಕನೇ ಫಿರಂಗಿಗೂ ಮೇಜಿನ ಮೇಲೆ ಜಾಗ ಕೊಡಿ.