ಚಕ್ರಕ್ಕೆ ಬೇಕಾದಷ್ಟು ಸಡಿಲ

ನಮ್ಮ ಮನೆಯ ಜೀಪಿಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಇದೇನೂ ವಿಶೇಷವಲ್ಲ. ಮಳೆಗಾಲದಲ್ಲಿ ಅಂಗಳದವರೆಗೆ ಬರುವ ಗಾಡಿ ಅದೊಂದೇ ಆದ್ದರಿಂದ ಗೊಬ್ಬರ, ಕಾಫಿ ಮೂಟೆ, ಮದುವೆಯ ಪಾತ್ರೆ ಎಲ್ಲವನ್ನೂ ಅದೇ ಹೊತ್ತಿದೆ. ಅಜ್ಜಿಯ ಕಣ್ಣಿನ ಚಿಕಿತ್ಸೆಗೆ ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕಾಗಿ ಬಂದಾಗಲೂ ಅದೇ ಗತಿ. ಅಂಥ ಹೊತ್ತಿನಲ್ಲೇ ಅದರ ಮುಂದಿನ ಬಲ ಚಕ್ರ ಗುನುಗಲು ಶುರುಮಾಡಿತು.

ಗುನುಗು ಎಂದೆ. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದಂಥ ಸದ್ದು. ಟೈರಿನ ಸದ್ದಾದರೆ ರಸ್ತೆ ಬದಲಾದಂತೆ ಬದಲಾಗುತ್ತದೆ, ಡಾಂಬರಿನ ಮೇಲೆ ಒಂದು ಥರ, ಕಾಂಕ್ರೀಟಿನ ಮೇಲೆ ಇನ್ನೊಂದು ಥರ. ಇದು ಎರಡರ ಮೇಲೂ ಒಂದೇ ಸಮ ಇತ್ತು. ಆದರೆ ಎಡ ತಿರುವಿನಲ್ಲಿ ಜೋರಾಗುತ್ತಿತ್ತು, ಬಲ ತಿರುವಿನಲ್ಲಿ ತಗ್ಗುತ್ತಿತ್ತು. ಗಾಡಿ ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ನರಳುವ ಚಕ್ರವೇ ಅನುಮಾನದ ಚಕ್ರ. ಓಡಿಸಿ ನಿಲ್ಲಿಸಿದ ಮೇಲೆ ಅಂಗೈ ತಿರುಗಿಸಿ ಹಬ್‌ನ ಹತ್ತಿರ ಹಿಡಿದರೆ ಎಡಗಡೆಯದು ಬೆಚ್ಚಗಿತ್ತು, ಬಲಗಡೆಯದು ಕೈ ತಾಗಿಸಲಾಗದಷ್ಟು ಬಿಸಿ.

ಪೇಟೆಯ ಗ್ಯಾರೇಜೊಂದರಲ್ಲಿ ತೋರಿಸಿದಾಗ ಚಕ್ರವನ್ನು ಎರಡು ಸಲ ಅಲ್ಲಾಡಿಸಿ, ಬೇರಿಂಗ್, ಕಿಂಗ್ ಪಿನ್, ಸ್ಟೀರಿಂಗ್ ರಾಡು ಎಲ್ಲವೂ ಹೋಗಿವೆ ಎಂದು ದೊಡ್ಡ ಪಟ್ಟಿ ಬರೆದುಕೊಟ್ಟರು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮದರ ಸರದಿಯೂ ಹತ್ತಿರ ಬಂದಿತ್ತು. ಪಟ್ಟಿ ನೋಡಿದ ಚಿಕ್ಕಪ್ಪ, "ಇದನ್ನು ಗುಜರಿಗೆ ಹಾಕಿದರೆ ಇದಕ್ಕಿಂತ ಹೆಚ್ಚು ಬರಲ್ಲ" ಎಂದರು. ಅಜ್ಜಿ ಏನೂ ಹೇಳಲಿಲ್ಲ. ಜೀಪು ಕೊಂಡದ್ದು ಅಜ್ಜ.

ಊರಿನ ಮೇಸ್ತ್ರಿ ಪಟ್ಟಿಯನ್ನು ಓದಲಿಲ್ಲ. ಸಮತಟ್ಟು ಜಾಗ ನೋಡಿ ಜೀಪು ನಿಲ್ಲಿಸಿದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಅಚ್ಚಿಗೆ ಜಾಕ್ ಹಾಕಿ ಎತ್ತಿ, ಅಚ್ಚಿನ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟರು. "ಜಾಕ್ ಎತ್ತಕ್ಕೆ ಮಾತ್ರ ಗೌಡ್ರೇ, ಹೊರಕ್ಕಲ್ಲ" ಅಂದರು. ಆಮೇಲೆ ಚಕ್ರದ ನೆತ್ತಿಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು ಹಿಂದೆ ಮುಂದೆ ತಳ್ಳಿದರು. ಸಡಿಲಾದ ಹಲ್ಲಿನ ಹಾಗೆ ಚಕ್ರ ಟಕ್ ಟಕ್ ಎಂದಿತು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದೇ 'ಪ್ಲೇ'. ಕೈಗಳನ್ನು ಎಡಕ್ಕೂ ಬಲಕ್ಕೂ ಸರಿಸಿ ತಳ್ಳಿದಾಗ ಸ್ಟೀರಿಂಗ್ ರಾಡುಗಳ ಕೀಲುಗಳಲ್ಲಿ ಬೇರೆ ಅಲುಗಾಟ ಕಾಣಲಿಲ್ಲ. ಪಟ್ಟಿಯ ಒಂದು ಸಾಲು ಅಲ್ಲಿಗೆ ಹೋಯಿತು.

ನೆತ್ತಿ ಮತ್ತು ಬುಡದ ಅಲುಗಾಟ ಎರಡು ಕಡೆಯಿಂದ ಬರಬಹುದು. ಒಂದು, ಚಕ್ರ ತಿರುಗುವ ಹಬ್ ಬೇರಿಂಗ್. ಇನ್ನೊಂದು, ಸ್ಟೀರಿಂಗ್ ತಿರುಗಿಸಿದಾಗ ಇಡೀ ಚಕ್ರವೇ ಹೊರಳುವ ಕಿಂಗ್ ಪಿನ್. ಎರಡರ ಖರ್ಚೂ ಬೇರೆ, ಕೆಲಸವೂ ಬೇರೆ. ಹೊರಗಿನಿಂದ ನೋಡಿದರೆ ಮಾತ್ರ ಎರಡೂ ಒಂದೇ ಥರ. ಮೇಸ್ತ್ರಿ ನನ್ನನ್ನು ಒಳಗೆ ಕೂರಿಸಿ, "ಬ್ರೇಕ್ ಒತ್ತಿ ಹಿಡ್ಕಳಿ" ಎಂದರು. ಒತ್ತಿದೆ. ಮತ್ತೆ ಅಲ್ಲಾಡಿಸಿದರು. ಟಕ್ ಎನ್ನುವುದು ನಿಂತುಹೋಯಿತು.

ಇದರ ಲೆಕ್ಕ ಸರಳ. ಬ್ರೇಕ್ ಒತ್ತಿದಾಗ ಚಕ್ರದೊಡನೆ ತಿರುಗುವ ಡ್ರಮ್ಮನ್ನು ಒಳಗಿನ ಶೂಗಳು ಬಿಗಿಹಿಡಿಯುತ್ತವೆ. ಆಗ ಬೇರಿಂಗ್ ಸಡಿಲವಿದ್ದರೂ ಚಕ್ರ ಅದರ ಮೇಲೆ ಅಲ್ಲಾಡದು. ಕಿಂಗ್ ಪಿನ್ ಸವೆದಿದ್ದರೆ ಬ್ರೇಕಿನಿಂದ ಅದಕ್ಕೆ ಏನೂ ಆಗುವುದಿಲ್ಲ, ಅಲುಗಾಟ ಹಾಗೇ ಉಳಿಯುತ್ತದೆ. ನಮ್ಮದು ನಿಂತಿತು. ಅಂದರೆ ಕಿಂಗ್ ಪಿನ್ ಚೆನ್ನಾಗಿದೆ, ಹೋಗಿರುವುದು ಬೇರಿಂಗ್. ಕಾಲಲ್ಲಿ ಒತ್ತಿ ಹಿಡಿದಷ್ಟು ಹೊತ್ತಿನಲ್ಲಿ ಪಟ್ಟಿಯ ದುಬಾರಿ ಭಾಗ ಹಾರಿಹೋಗಿತ್ತು. ಕೊನೆಗೆ ಮೇಸ್ತ್ರಿ ಒಂದು ಕೈಯಲ್ಲಿ ಚಕ್ರ ತಿರುಗಿಸಿ ಇನ್ನೊಂದನ್ನು ಪಟ್ಟಾ ಸ್ಪ್ರಿಂಗಿನ ಮೇಲೆ ಇಟ್ಟರು. ನನಗೂ ಇಡಲು ಹೇಳಿದರು. ಸ್ಪ್ರಿಂಗಿನೊಳಗಿಂದ ರಾಗಿ ಬೀಸಿದ ಹಾಗೆ ತರತರ ಎನ್ನುವುದು ಬೆರಳಿಗೆ ತಾಗಿತು.

ಈ ಜೀಪಿನ ಚಕ್ರ ಕೂರುವ ರೀತಿ ಬಹುಮಟ್ಟಿಗೆ ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನದ್ದೇ. ಆರು ಬೋಲ್ಟು ಬಿಚ್ಚಿ ಫ್ಲೇಂಜ್ ತೆಗೆದರೆ ಒಳಗೆ ಎರಡು ದೊಡ್ಡ ನಟ್, ನಡುವೆ ಅಂಚು ಮಡಚಿದ ಲಾಕ್ ವಾಷರ್. ಒಳಗಿನ ನಟ್ ಬೇರಿಂಗಿನ ಬಿಗಿ ನಿರ್ಧರಿಸುತ್ತದೆ, ಹೊರಗಿನದು ಅದು ಬಿಚ್ಚದಂತೆ ಕಾಯುತ್ತದೆ. ಹಬ್ ಹೊರಬಂದಾಗ ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅದು ಹಳ್ಳ ದಾಟುವಾಗ ಹಳೆಯ ಸೀಲಿನ ಮೂಲಕ ಹೊಕ್ಕ ನೀರು. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ರೋಲರುಗಳು ಕಂಡವು. ಕೆಲವು ನೀಲಿಗಟ್ಟಿದ್ದವು. ಅವು ಕೂರುವ ಕಪ್ಪಿನ ಒಳಮೈಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು.

"ನೀರು ಅರ್ಧ ತಿಂದಿದೆ, ಇನ್ನರ್ಧ ಬಿಗಿ ತಿಂದಿದೆ" ಎಂದರು ಮೇಸ್ತ್ರಿ. ಹಿಂದಿನ ವರ್ಷ ಚಕ್ರ ಸ್ವಲ್ಪ ಅಲ್ಲಾಡುತ್ತದೆಂದು ಬೇರೆಲ್ಲೋ ತೋರಿಸಿದಾಗ ನಟ್ಟನ್ನು ಶಕ್ತಿಯಿದ್ದಷ್ಟು ಬಿಗಿದು ಕಳಿಸಿದ್ದರು. ಅಲುಗಾಟ ನಿಂತಿತ್ತು, ನಮಗೂ ಸಮಾಧಾನವಾಗಿತ್ತು. ಒಳಗೆ ರೋಲರುಗಳು ಬಿಸಿಯಾಗಿ, ಗ್ರೀಸ್ ಕರಗಿ ಹರಿದು, ಉಕ್ಕು ಬಣ್ಣಗೆಟ್ಟು ಸವೆಯುತ್ತ ಬಂದಿತ್ತು. ಹೀಗೇ ಬಿಟ್ಟಿದ್ದರೆ ರೋಲರುಗಳನ್ನು ಹಿಡಿದಿಡುವ ಪಂಜರ ಮುರಿದು, ಬೇರಿಂಗ್ ಸಿಕ್ಕಿಹಾಕಿಕೊಂಡು, ಘಾಟಿಯ ತಿರುವಿನಲ್ಲಿ ಚಕ್ರವೇ ಕೈಕೊಡಬಹುದಿತ್ತು. ಚಿಕ್ಕಪ್ಪ ನೀಲಿಗಟ್ಟಿದ ರೋಲರನ್ನು ಬೆರಳಲ್ಲಿ ಹೊರಳಿಸುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಬಿಗಿದಷ್ಟೂ ಭದ್ರ ಎಂಬುದು ನಮ್ಮೆಲ್ಲರ ಸಹಜ ಲೆಕ್ಕ. ಎತ್ತಿನ ಗಾಡಿ ಕಟ್ಟುತ್ತಿದ್ದವರಿಗೆ ಈ ಲೆಕ್ಕ ತಪ್ಪೆಂದು ಗೊತ್ತಿತ್ತು. ಗಾಡಿಯ ಚಕ್ರ ಅಚ್ಚಿನ ಮೇಲೆ ಅತ್ತಿತ್ತ ಸರಿದಾಡುವಷ್ಟು ಸಡಿಲವಾಗಿಯೇ ಇರುತ್ತಿತ್ತು. ಅದು ಜಾರಿ ಬೀಳದಂತೆ ಕಡೆಗೀಲು, ಉರಿಯದಂತೆ ಕೀಲೆಣ್ಣೆ. ಹರಳೆಣ್ಣೆಗೆ ಮಸಿ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯಡಿ ತೂಗುಹಾಕುತ್ತಿದ್ದರೆಂದು ಅಜ್ಜಿ ಹೇಳುವುದುಂಟು. ಜೀಪಿನೊಳಗಿರುವ ಟೇಪರ್ ರೋಲರ್ ಬೇರಿಂಗಿನ ಹುಟ್ಟೂ ಕುದುರೆ ಗಾಡಿಯಲ್ಲೇ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್‌ಕೆನ್ 1898ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಾಡಿ ನೇರ ಹೋಗುವಾಗ ಭಾರ ಮೇಲಿನಿಂದ ಬರುತ್ತದೆ, ತಿರುವಿನಲ್ಲಿ ಪಕ್ಕದಿಂದಲೂ ನೂಕುತ್ತದೆ. ಒಂದು ಕಡೆ ಸಣ್ಣಗಾಗುತ್ತ ಓರೆಯಾಗಿ ಕೂರುವ ರೋಲರುಗಳು ಎರಡನ್ನೂ ಹೊರುತ್ತವೆ. ಓರೆಯಾಗಿರುವುದರಿಂದಲೇ ನಟ್ ತಿರುಗಿಸಿದಂತೆ ಅವುಗಳ ಬಿಗಿಯನ್ನು ಹೆಚ್ಚು ಕಡಿಮೆ ಮಾಡಬಹುದು.

ಹೊಸ ಬೇರಿಂಗ್ ಬಂತು. ಹಬ್ಬಿನ ಒಳಗಿನದೂ ಹೊರಗಿನದೂ ಎರಡೂ ಹೊಸವು, ಅವುಗಳ ಕಪ್ ಸಮೇತ. ಹಳೆಯ ಕಪ್ಪಿನ ಗುಳಿಗಳ ಮೇಲೆ ಹೊಸ ರೋಲರ್ ಓಡಿಸಿದರೆ ಹೊಸದೂ ಬೇಗ ಹಾಳು. ಕಪ್ಪನ್ನು ಹಿತ್ತಾಳೆ ಸಲಾಕೆಯಿಂದ ಸುತ್ತಲೂ ಸಮವಾಗಿ ಬಡಿದು ಕೂರಿಸುವಾಗ ಪೂರ್ತಿ ಕೂತ ಕ್ಷಣ ಸುತ್ತಿಗೆಯ ಸದ್ದೇ ಬದಲಾಯಿತು, ಟೊಳ್ಳು ಹೋಗಿ ಗಟ್ಟಿಯಾಯಿತು. ಎಡ ಅಂಗೈಯಲ್ಲಿ ಗ್ರೀಸ್ ಮುದ್ದೆ ಇಟ್ಟುಕೊಂಡು, ಬೇರಿಂಗಿನ ಅಗಲ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯ ಸಂದುಗಳಿಂದ ಗ್ರೀಸ್ ಇಣುಕುವವರೆಗೆ ತುಂಬುವ ಕೆಲಸ ನನಗೆ ಸಿಕ್ಕಿತು. ಮೇಲೆ ಸವರಿದರೆ ಸಾಲದು, ಹಳೆಯ ಗ್ರೀಸಿನೊಡನೆ ಬೆರೆಸಲೂಬಾರದು. ಹಬ್ಬಿನ ಹೊಟ್ಟೆಯನ್ನು ಪೂರ್ತಿ ತುಂಬಿದರೂ ತಪ್ಪು, ಗ್ರೀಸ್ ಬಿಸಿಯಾಗಿ ಸೀಲು ದಾಟಿ ಬ್ರೇಕಿಗೆ ಹೋಗುತ್ತದೆ. ಸೀಲನ್ನೂ ಹೊಸದೇ ಹಾಕಿದೆವು.

ಎಲ್ಲಕ್ಕಿಂತ ಮುಖ್ಯ ಕೆಲಸ ಕೊನೆಯದು. ಮೇಸ್ತ್ರಿ ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಲೇ ಒಳಗಿನ ನಟ್ ಬಿಗಿದರು. ತಿರುಗಿಸದೆ ಬಿಗಿದರೆ ರೋಲರುಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಹಿಡಿದಂತಾದ ಮೇಲೆ ನಟ್ಟನ್ನು ಹಿಂದಕ್ಕೆ ಬಿಟ್ಟರು. ಎಷ್ಟು ಎಂದು ಕೇಳಿದೆ. "ಆರು ಮೂಲೆ ನಟ್ಟಲ್ಲಿ ಒಂದು ಮುಖ" ಎಂದರು. ಒಂದು ಸುತ್ತಿನ ಆರನೇ ಒಂದು ಭಾಗ. ವಿಲ್ಲಿಸ್ ಜೀಪಿನ ಕೈಪಿಡಿ ಹೇಳುವುದೂ ಅಷ್ಟನ್ನೇ. ಹೊರಗಿನ ನಟ್ ಬಿಗಿದಾಗ ಅದರಲ್ಲೂ ಚೂರು ಕಡಿಮೆಯಾಗುತ್ತದೆ, ಆದ್ದರಿಂದ ಮತ್ತೊಮ್ಮೆ ತಿರುಗಿಸಿ, ಅಲ್ಲಾಡಿಸಿ ನೋಡಿದ ಮೇಲೆಯೇ ವಾಷರ್ ಮಡಚಿದರು.

ಇಂದಿನ ಹೆಚ್ಚಿನ ಕಾರುಗಳಲ್ಲಿ ಈ ಕೆಲಸವೇ ಇಲ್ಲ. ಬೇರಿಂಗ್ ಮುಚ್ಚಿಯೇ ಬರುತ್ತದೆ, ಗ್ರೀಸ್ ಹಾಕುವಂತಿಲ್ಲ, ಹೊಂದಿಸುವಂತಿಲ್ಲ, ಪ್ಲೇ ಬಂದರೆ ಬದಲಿಸುವುದೇ ದಾರಿ. ಅದರಿಂದ ಅನುಕೂಲವೂ ಇದೆ, ಹಳ್ಳ ದಾಟಿದಾಗಲೆಲ್ಲ ಹಬ್ ಬಿಚ್ಚಬೇಕೆಂಬ ಚಿಂತೆಯಿಲ್ಲ. ಆದರೆ ಎಲ್ಲಿ ಕೆಟ್ಟಿದೆ ಎಂದು ಕೇಳುವ ಮೊದಲೇ ಎಲ್ಲ ಬದಲಿಸುವ ಅಭ್ಯಾಸ ಆ ಗಾಡಿಗಳಿಂದ ಈ ಗಾಡಿಗಳಿಗೂ ಬಂದಿದೆ. ನಮ್ಮ ಪಟ್ಟಿ ಅದರಿಂದಲೇ ಅಷ್ಟು ಉದ್ದವಾಗಿತ್ತೋ ಏನೋ.

ಐವತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ ನೋಡಿದೆವು. ಎರಡೂ ಕಡೆ ಒಂದೇ ಬಿಸುಪು. ಮುಂದಿನ ವಾರ ಅಜ್ಜಿಯನ್ನು ಕರೆದುಕೊಂಡು ಘಾಟಿ ಇಳಿದೆವು. ಗುಜರಿಯ ಮಾತು ಮತ್ತೆ ಬರಲಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಒಂದು ನೋಟ್‌ಬುಕ್ ಇದೆ. ಎಣ್ಣೆ ಬದಲಿಸಿದ್ದು, ಟೈರ್ ಹಾಕಿಸಿದ್ದು ಅದರಲ್ಲಿವೆ. ಚಿಕ್ಕಪ್ಪ ಅದರಲ್ಲಿ ಬಲ ಚಕ್ರದ ಲೆಕ್ಕ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾರೆ: ಎಡ ಚಕ್ರ, ಮಳೆಗೆ ಮುಂಚೆ ಬಿಚ್ಚಿ ನೋಡಬೇಕು.