ಟೈಮರ್ ಇಟ್ಟುಕೊಂಡು ಕೂತರೆ

ಮಂಡಿನೋವಿಗೆ ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ ನೋಡುವುದಕ್ಕೆ ಏನೂ ಅಲ್ಲ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡುವುದು. ಅಮ್ಮ ಬಾಯಲ್ಲೇ ಎಣಿಸಿಕೊಂಡು ಮಾಡುತ್ತಿದ್ದಳು. ಒಂದು, ಎರಡು, ಮೂರು ನಿಧಾನವಾಗಿ ಬರುತ್ತಿದ್ದವು. ತೊಡೆ ಅದುರತೊಡಗಿದ್ದೇ ತಡ, ಏಳೆಂಟೊಂಬತ್ತು ಒಂದೇ ಉಸಿರಿಗೆ ಮುಗಿಯುತ್ತಿದ್ದವು. ನೋಯುವವರೇ ಎಣಿಸಬೇಕಾದಾಗ ಎಣಿಕೆ ಓಡುವುದು ಸಹಜ. ಫೋನಿನಲ್ಲಿ ಟೈಮರ್ ಇಟ್ಟುಕೊಟ್ಟ ಮೇಲೆ ಅಮ್ಮನಿಗೆ ಒತ್ತುವ ಕೆಲಸವಷ್ಟೇ ಉಳಿಯಿತು. ಮುಖದ ಬಿಗಿ ಸಡಿಲವಾಯಿತು.

ಕಾಲವನ್ನು ಕಾಯುವ ಹೊರೆ ಇಳಿದರೆ ಮನಸ್ಸು ಎಷ್ಟು ಹಗುರಾಗುತ್ತದೆ ಎಂದು ನನಗೆ ಹೊಳೆದದ್ದು ಆಗ. ನಮ್ಮ ಹಿರಿಯರು ಈ ಹೊರೆಯನ್ನು ಒಂದು ಬಟ್ಟಲಿಗೆ ಹೊರಿಸಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಘಳಿಗೆ, ಅಂದರೆ 24 ನಿಮಿಷ. ದಿನಕ್ಕೆ ಇಂಥ 60 ಘಳಿಗೆ. ಮದುವೆ ಮುಹೂರ್ತಕ್ಕೂ ಅದೇ ಆಧಾರ. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಮುತ್ತೊಂದು ಬಟ್ಟಲಿಗೆ ಬಿದ್ದು ತೂತು ಮುಚ್ಚಿ, ಮುಹೂರ್ತವೇ ಮೀರಿತೆಂಬ ಕಥೆ ಕೇಳದವರು ಕಡಿಮೆ. ಇದೇ ಹೊರೆಯನ್ನು ಯಂತ್ರಕ್ಕೆ ಹೊರಿಸಿದವರು ಈಚೆಗೂ ಇದ್ದಾರೆ: 1980ರ ದಶಕದ ಕೊನೆಯಲ್ಲಿ ಇಟಲಿಯ ವಿದ್ಯಾರ್ಥಿ ಫ್ರಾನ್ಸೆಸ್ಕೋ ಸಿರಿಲ್ಲೋ ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೋ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟುಕೊಂಡು ಕೂತ. ಅವನ ಪೊಮೊಡೊರೊ (ಅಂದರೆ ಟೊಮೆಟೋ) ಪದ್ಧತಿ ಕೊನೆಗೆ ನೆಲೆನಿಂತದ್ದು 25 ನಿಮಿಷಕ್ಕೆ. ನಮ್ಮ ಘಳಿಗೆಗಿಂತ ಒಂದೇ ನಿಮಿಷ ಹೆಚ್ಚು! ಮನುಷ್ಯನ ಗಮನ ಒಂದೆಡೆ ಕೂರುವ ಅಳತೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಇಷ್ಟೇ ಇರಬಹುದೇನೋ.

ಕಸರತ್ತಿನಲ್ಲಾದರೆ ಅಳತೆ ಇನ್ನೂ ಕಿರಿದು. ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸೆಕೆಂಡ್ ಮೈಮುರಿಯುವ ಸೈಕಲ್ ತುಳಿತ, 10 ಸೆಕೆಂಡ್ ವಿಶ್ರಾಂತಿ. ಹೀಗೆ ಏಳೆಂಟು ಸುತ್ತು. ನಾಲ್ಕು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಅಂಥ ತುಳಿತವನ್ನು ತಾಳಿಕೊಳ್ಳಬಹುದಾದದ್ದು ಕೊನೆ ಕಣ್ಣೆದುರಿಗೇ ಇರುವುದರಿಂದ. ಪ್ಲ್ಯಾಂಕ್ ಮಾಡುವವರಿಗೂ ಇದು ಗೊತ್ತು: ಮೊಣಕೈ ಉರಿಯುವಾಗ ‘ಇನ್ನು ಎಂಟು ಸೆಕೆಂಡ್’ ಎನ್ನುವ ಅಂಕಿಯೇ ಬೆನ್ನನ್ನು ಎತ್ತಿ ಹಿಡಿಯುತ್ತದೆ.

ಸಂಗೀತದ ಅಭ್ಯಾಸಕ್ಕೂ ಟೈಮರ್ ಒದಗುತ್ತದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡುವಾಗ ಮೂರನೆಯ ಕಾಲದಲ್ಲಿ ತೊಡರುವ ಒಂದೇ ಸಾಲಿದ್ದರೆ, ಅದಕ್ಕೆಂದೇ ಐದು ನಿಮಿಷ ಇಟ್ಟು, ಫೋನನ್ನು ಬೋರಲು ಹಾಕಿ ಕೂರಬೇಕು. ತಾಳ ತೊಡೆಯ ಮೇಲಿರಲಿ, ಗಡುವು ಫೋನಿಗಿರಲಿ. ಆದರೆ ಆಲಾಪನೆಗೆ ಇದು ಸಲ್ಲದು. ರಾಗ ಕೈಹಿಡಿದು ನಡೆಸತೊಡಗಿದರೆ ಟೈಮರ್ ಆರಿಸಿಬಿಡಬೇಕು. ಅದರ ಕೆಲಸ ನಮ್ಮನ್ನು ಬಾಗಿಲವರೆಗೆ ತಲುಪಿಸುವುದು.

‘ಪುರುಸೊತ್ತಿಲ್ಲ’ ಎಂದು ಎಷ್ಟೋ ಒಳ್ಳೆಯ ಅಭ್ಯಾಸಗಳನ್ನು ನಾವು ಅಟ್ಟದ ಮೇಲೆ ಹಾಕಿದ್ದೇವೆ. ಬೇಕಾದದ್ದು ಪೂರ್ತಿ ಒಂದು ಗಂಟೆ ಎಂದುಕೊಂಡದ್ದೇ ಅದಕ್ಕೆ ಕಾರಣ. ವ್ಯಾಯಾಮ ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಕಿರುಹೊತ್ತಿನ ಶ್ರಮವೂ ಲೆಕ್ಕಕ್ಕಿದೆ. ನಿಲ್ಲಿಸಿಬಿಟ್ಟ ಯಾವುದಾದರೂ ಒಂದು ಅಭ್ಯಾಸಕ್ಕೆ ಈ ಸಂಜೆ ಐದು ನಿಮಿಷ ಇಟ್ಟು ಕೂತು ನೋಡಿ. ಗಂಟೆ ಬಾರಿಸಿದಾಗ ಏಳಬೇಕೆನಿಸಿದರೆ ಧಾರಾಳವಾಗಿ ಏಳಿ. ನಾಳೆ ಮತ್ತೆ ಕೂತರಾಯಿತು.