ಮಾಕುಟ್ಟದ ಮೊದಲ ತಿರುವು

ವಿರಾಜಪೇಟೆಯ ಹುಡುಗರಿಗೆ ವಾಹನ ನಡೆಸುವುದನ್ನು ಯಾರೂ ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ; ಊರಿನ ರಸ್ತೆಗಳೇ ಕಲಿಸುತ್ತವೆ. ಹತ್ತು ಮಾರು ನೇರವಾಗಿ ಸಾಗಿದ ರಸ್ತೆ ಹನ್ನೊಂದನೆಯ ಮಾರಿಗೆ ತಿರುಗಿಬಿಡುತ್ತದೆ. ಕಾಫಿ ತೋಟದ ಹಾದಿಗಳಲ್ಲಿ ಕಾರುಗಳ ರ್‍ಯಾಲಿ ನಡೆದರೆ ಮದುವೆಗೆ ನೆರೆದಷ್ಟು ಜನ ಬೇಲಿಯ ಬಳಿ ನೆರೆಯುತ್ತಾರೆ. ಇಂಥ ಊರಿನ ಯುವಕನೊಬ್ಬನಿಗೆ ವೇಗದ ಹುಚ್ಚು ಹಿಡಿದುದು ಆಶ್ಚರ್ಯವಲ್ಲ. ಆ ಹುಚ್ಚಿನ ಬೆನ್ನಿಗೇ ಬ್ರೇಕಿನ ಚಿಂತೆಯೂ ಹಿಡಿಯಿತೆಂಬುದೇ ಇಲ್ಲಿನ ವಿಷಯ.

ಕೊಯಮತ್ತೂರಿನ ಬಳಿಯ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಪಂದ್ಯದ ಪಥವಿದೆ. ಕಾರುಗಳನ್ನು ಓಡಿಸಿಯೂ ಕಟ್ಟಿಯೂ ಹೆಸರಾಗಿ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಹಣ ತೆತ್ತು ಸ್ವಂತ ಕಾರನ್ನು ಅಲ್ಲಿ ಓಡಿಸಿ ನೋಡುವ ಅವಕಾಶವುಂಟು. ಯುವಕನು ಒಮ್ಮೆ ಹೋದನು. ನಾಲ್ಕು ಸುತ್ತು ಸೊಗಸಾಗಿಯೇ ನಡೆಯಿತು. ಐದನೆಯ ಸುತ್ತಿನಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದರೂ ಕಾರು ನಿಲ್ಲಲೊಲ್ಲದು! ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ; ತಿರುವಿನಾಚೆಯ ಮಣ್ಣಿನಲ್ಲಿ ಹೋಗಿ ನಿಂತಾಗ ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

ಊರಿಗೆ ಮರಳಿದವನೇ ಪಂದ್ಯದ ಬ್ರೇಕ್ ಪ್ಯಾಡುಗಳನ್ನು ತರಿಸಿದನು. ಬೆಲೆಯನ್ನು ಮನೆಯಲ್ಲಿ ಹೇಳಲಿಲ್ಲ. ಅವನ ತಂದೆಯ ಕಾಲದಿಂದಲೂ ಆ ಮನೆಯ ಗಾಡಿಗಳನ್ನು ನೋಡಿಕೊಂಡು ಬಂದಿದ್ದ ಮೇಸ್ತ್ರಿ, ಅವನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಹೇಳಿದನು:

"ಇದು ಕಾದರೆ ಹುಲಿ, ತಣ್ಣಗಿದ್ದರೆ ಮರದ ತುಂಡು. ಕೊಯಮತ್ತೂರಿನಿಂದ ಬಂದ ದಿನವೇ ಹಳೆಯದನ್ನು ಹಾಕಿಸಿಕೊಂಡುಬಿಡು."

"ಆಗಲಿ ಮೇಸ್ತ್ರಿ," ಎಂದನು ಯುವಕನು.

ಕೊಯಮತ್ತೂರಿನಲ್ಲಿ ಹೊಸ ಪ್ಯಾಡುಗಳು ಹತ್ತು ಸುತ್ತಾದರೂ ಸೋಲಲಿಲ್ಲ. ಆ ಗೆಲುವಿನ ಅಮಲಿನಲ್ಲಿ, ಹಿಂದಿರುಗಿದ ಮೇಲೆ ಹಳೆಯವನ್ನು ಹಾಕಿಸುವ ಮಾತು ನಾಳೆಗೆ, ನಾಡಿದ್ದಿಗೆ ಹೋಯಿತು. 'ಪಂದ್ಯದಲ್ಲಿ ನಿಲ್ಲಿಸಿದ ಬ್ರೇಕು ಪೇಟೆಯಲ್ಲಿ ನಿಲ್ಲಿಸದೆ ಇರುತ್ತದೆಯೆ?' ಎಂದು ಅವನ ತರ್ಕ. ನೋಡುವುದಕ್ಕೆ ತಪ್ಪಿಲ್ಲದ ತರ್ಕವೇ.

ಜುಲೈ ತಿಂಗಳು ಬಂದಿತು. ಅವನ ಅಕ್ಕ ಕಣ್ಣೂರಿನ ವಿಮಾನ ನಿಲ್ದಾಣದಲ್ಲಿ ಬೆಳಿಗ್ಗೆ ಇಳಿಯುವವಳಿದ್ದಳು. 2018ರ ಡಿಸೆಂಬರಿನಲ್ಲಿ ಆ ನಿಲ್ದಾಣ ತೆರೆದಂದಿನಿಂದ ವಿರಾಜಪೇಟೆಯವರಿಗೆ ಆಕಾಶವೂ ಮಾಕುಟ್ಟದ ಘಾಟಿಯ ಕೆಳಗೇ ಇದೆ. ಮಗಳನ್ನು ಕರೆತರಲು ತಾಯಿಯೂ ಹೊರಟರು. ಎಂದಿನಂತೆ ಮುಂದಿನ ಆಸನದಲ್ಲಿ ಕುಳಿತರು. ಬೆಳಗಿನ ಐದು ಗಂಟೆ, ಜಡಿಮಳೆ, ಮಂಜು.

ಪೆರುಂಬಾಡಿ ದಾಟಿದರೆ ರಸ್ತೆ ಕಾಡಿನೊಳಗೆ ಇಳಿಯತೊಡಗುತ್ತದೆ. ಮೊದಲ ದೊಡ್ಡ ತಿರುವಿನಲ್ಲಿ ಕೆಂಪುಕಲ್ಲು ತುಂಬಿದ ಲಾರಿಯೊಂದು ಏರಿ ಬರುತ್ತಿದ್ದಿತು. ಯುವಕನು ಬ್ರೇಕು ಒತ್ತಿದನು. ಕಾರು ತನಗೆ ಹೇಳಿದ್ದಲ್ಲವೆಂಬಂತೆ ಸಾಗಿತು. ಇನ್ನೂ ಬಲವಾಗಿ ಒತ್ತಿದನು. ಲಾರಿಯ ದೀಪಗಳು ಗಾಜಿನ ತುಂಬ ಹರಡಿಕೊಂಡವು. ಎರಡನೆಯ ಗೇರಿಗೆ ಎಳೆದು, ಎಡಚಕ್ರಗಳನ್ನು ಚರಂಡಿಗೆ ಇಳಿಸಿ, ಬರೆಯ ಮಣ್ಣಿಗೆ ಉಜ್ಜಿಕೊಂಡು ಕಾರು ನಿಂತಿತು. ಲಾರಿ ಒಂದು ಗೇಣಿನ ಅಂತರದಲ್ಲಿ ದಾಟಿಹೋಯಿತು.

ತಾಯಿ ಏನೂ ಹೇಳಲಿಲ್ಲ. ಸೆರಗಿನಿಂದ ಗಾಜಿನ ಹಬೆಯನ್ನು ಒರೆಸಿದರು. ಬರುವಾಗ ಮಗಳೊಡನೆ ಹಿಂದಿನ ಆಸನದಲ್ಲಿ ಕುಳಿತರು. ಮರುವಾರದಿಂದ ಪೇಟೆಗೂ ಗೋಣಿಕೊಪ್ಪಲಿಗೂ ಬಸ್ಸಿನಲ್ಲಿಯೇ ಹೋಗತೊಡಗಿದರು. "ಬಸ್ಸೇ ಅನುಕೂಲ," ಎಂದರು, ಅಷ್ಟೆ. ಮಗನಿಗೆ ಯಾವ ಬೈಗುಳವೂ ಅಷ್ಟು ತಾಗುತ್ತಿರಲಿಲ್ಲ.

ಮೇಸ್ತ್ರಿಯ ಶೆಡ್ಡಿನಲ್ಲಿ ಕುಳಿತು, ಓದಿಯೂ ಕೇಳಿಯೂ ಯುವಕನು ಮೆಲ್ಲಗೆ ತಿಳಿದುಕೊಂಡ ಸಂಗತಿಗಳು ಹೀಗಿವೆ. ಬ್ರೇಕು ವೇಗವನ್ನು ಇಲ್ಲವಾಗಿಸುವುದಿಲ್ಲ, ಶಾಖವಾಗಿ ಮಾರ್ಪಡಿಸುತ್ತದೆ. 1000 ಕಿಲೋ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 3.9 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು 500 ಮೀಟರ್ ಎತ್ತರವನ್ನು ಇಳಿದರೆ ಬಿಡುಗಡೆಯಾಗುವುದು 49 ಲಕ್ಷ ಜೂಲ್. 14 ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು. ಇದರಲ್ಲಿ ಗಾಳಿಯೂ ಎಂಜಿನ್ನೂ ಹೊರದೆ ಬಿಟ್ಟ ಪಾಲನ್ನೆಲ್ಲ ಬ್ರೇಕೇ ಹೊರಬೇಕು. ಆದುದರಿಂದಲೇ ಘಾಟಿಯಲ್ಲಿ ಕೆಳಗಿನ ಗೇರು ಹಾಕಬೇಕೆಂದು ಹಳಬರು ಹೇಳುವುದು.

ಪ್ರತಿಯೊಂದು ಪ್ಯಾಡಿಗೂ ತನ್ನದೇ ಆದ ಶಾಖದ ಮಿತಿಯಿದೆ. ಪೇಟೆಯ ಪ್ಯಾಡು ತಣ್ಣಗಿದ್ದಾಗಲೇ ಹಿಡಿಯುತ್ತದೆ. ಮಿತಿ ಮೀರಿ ಕಾದರೆ ಅದರೊಳಗಿನ ಅಂಟು ಅನಿಲವಾಗಿ, ಹಿಡಿತ ಸಡಿಲುತ್ತದೆ. ಪಂದ್ಯದ ಪ್ಯಾಡು ಬಲು ಬಿಸಿಯಲ್ಲಿಯೂ ಸೋಲದು. ಆದರೆ ಬಿಸಿಯಾಗುವವರೆಗೆ ಹಿಡಿಯದು, ಕಿರುಗುಟ್ಟುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಅನೇಕ ಪ್ಯಾಡುಗಳ ಮೇಲೆ ಎರಡು ಅಕ್ಷರಗಳನ್ನು ಅಚ್ಚೊತ್ತಿರುತ್ತಾರೆ: ಮೊದಲನೆಯದು ಸಾಧಾರಣ ಶಾಖದ ಹಿಡಿತಕ್ಕೆ, ಎರಡನೆಯದು ಹೆಚ್ಚಿನ ಶಾಖದ ಹಿಡಿತಕ್ಕೆ. 'ಇ'ಗಿಂತ 'ಎಫ್', 'ಎಫ್'ಗಿಂತ 'ಜಿ' ಹೆಚ್ಚು.

ಪೆಡಲು ಗಟ್ಟಿಯಾಗಿದ್ದು ಕಾರು ನಿಲ್ಲದಿದ್ದರೆ ದೋಷ ಪ್ಯಾಡಿನದು. ಮೆತ್ತಗಾಗಿ ಕೆಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿರಬಹುದು. ಹೊಸ ಡಾಟ್ 4 ಆಯಿಲ್ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಗಾಳಿಯಿಂದಲೇ ನೀರು ಹೀರುವ ಆ ವಸ್ತುವಿಗೆ ಕೊಡಗಿನ ಮಳೆಗಾಲ ಸಾಮಾನ್ಯ ಪರೀಕ್ಷೆಯಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕು.

ಬೆಟ್ಟದ ಸೀಮೆಯವರಿಗೆ ಈ ಚಿಂತೆ ಇಂದಿನದಲ್ಲ. ಇಂಗ್ಲೆಂಡಿನ ಡಾರ್ಬಿಶೈರಿನ ಇಳಿಜಾರುಗಳಲ್ಲಿ ಕುದುರೆಗಾಡಿಯವರು ಚಕ್ರ ತಡೆಯಲು ಹಳೆಯ ಬೂಟುಗಳನ್ನು ಬಳಸುತ್ತಿದ್ದುದನ್ನು ಕಂಡೇ ಹರ್ಬರ್ಟ್ ಫ್ರೂಡ್ ಎಂಬಾತನು ಉತ್ತಮವಾದ ಬ್ರೇಕಿನ ಅಟ್ಟೆಯನ್ನು ಮಾಡಹೊರಟನೆಂದು ಹೇಳುತ್ತಾರೆ. 1897ರಲ್ಲಿ ಅವನು ಆರಂಭಿಸಿದ ಉದ್ಯಮವೇ ಫೆರೋಡೋ. ಆ ಹೆಸರಿನಲ್ಲಿ ಅವನ ಹೆಸರಿನ ಅಕ್ಷರಗಳೂ ಹೆಂಡತಿ ಎಲಿಜಬೆತಳ ಮೊದಲಕ್ಷರವೂ ಸೇರಿಕೊಂಡಿವೆ.

"ಎರಡಕ್ಕೂ ಆಗುವ ಪ್ಯಾಡು ಇಲ್ಲವೆ?" ಎಂದು ಯುವಕನು ಕೇಳಿದನು.

"ಮಾರುವವರಿದ್ದಾರೆ," ಎಂದನು ಮೇಸ್ತ್ರಿ. "ಎರಡೂ ಕಡೆ ಅರ್ಧರ್ಧ ಹಿಡಿಯುತ್ತದೆ. ವರ್ಷದಲ್ಲಿ ನಾಲ್ಕು ದಿನ ಅಲ್ಲಿ ಓಡಿಸುತ್ತೀಯೆ, ಉಳಿದ ದಿನವೆಲ್ಲ ಇಲ್ಲಿ. ಯಾವುದನ್ನು ನೋಡಿ ಆರಿಸಬೇಕೆಂದು ನನ್ನನ್ನು ಕೇಳಬೇಕೆ?"

ಅಂದೇ ರಸ್ತೆಯ ಪ್ಯಾಡುಗಳು ಕಾರಿಗೆ ಬಂದವು: ತಣ್ಣಗಿರುವಾಗಲೇ ಹಿಡಿಯುವಂಥವು, ಹಳೆಯವುಗಳಿಗಿಂತ ತುಸು ಹೆಚ್ಚು ಬಿಸಿ ತಾಳುವಂಥವು. ನಿರ್ಜನವಾದ ರಸ್ತೆಯಲ್ಲಿ, ಪೂರ್ಣ ನಿಲ್ಲಿಸದೆ ಮತ್ತೆ ಮತ್ತೆ ಮೆಲ್ಲನೆ ಬ್ರೇಕು ಹಿಡಿದು, ನಡುನಡುವೆ ತಣಿಯಬಿಟ್ಟು, ಅವನ್ನು ಡಿಸ್ಕಿಗೆ ಹೊಂದಿಸಿದರು. ಪಂದ್ಯದ ಪ್ಯಾಡುಗಳೂ ಅವುಗಳಿಗೆಂದೇ ಬೇರೆ ಜೊತೆ ಡಿಸ್ಕುಗಳೂ ಮರದ ಪೆಟ್ಟಿಗೆಯೊಂದನ್ನು ಸೇರಿದವು. ಈಗ ಆ ಪೆಟ್ಟಿಗೆ ಕೊಯಮತ್ತೂರಿಗೆ ಕಾರಿನ ಹಿಂಭಾಗದಲ್ಲಿ ಪ್ರಯಾಣ ಮಾಡುತ್ತದೆ. ಅಲ್ಲಿಯೇ ಜೋಡಣೆ, ಅಲ್ಲಿಯೇ ಬಿಚ್ಚುವಿಕೆ. ಒಂದು ಗಂಟೆ ಹೋದರೆ ಹೋಗಲಿ ಎಂದು ಅವನ ನಿಶ್ಚಯ.

ತಾಯಿಗೆ ಇದನ್ನು ವಿವರಿಸಿ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಅಕ್ಟೋಬರಿನಲ್ಲಿ ಅಕ್ಕನು ಮತ್ತೆ ಬರುವ ಸುದ್ದಿ ಬಂದಿತು. ಬೆಳಗಿನ ಜಾವ ಕಾರು ಅಂಗಳಕ್ಕೆ ಬಂದಾಗ ತಾಯಿ ಹಿಂದಿನ ಬಾಗಿಲ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು.

"ಮೇಸ್ತ್ರಿ ಎಲ್ಲವನ್ನೂ ಹೇಳಿದ," ಎಂದರು. ಮುಂದಿನ ಬಾಗಿಲನ್ನು ತೆರೆದು ಕುಳಿತರು.

ಪೆರುಂಬಾಡಿಗೆ ಮೊದಲೇ ಅವನು ಎರಡನೆಯ ಗೇರಿಗೆ ಬಂದಿದ್ದನು.